ತಟ್ಟೆಯಲ್ಲುಳಿದ ನಾಚಿಕೆಯ ತುಂಡಿಗೆ

ಗೆ,
ಕೊನೆಯ ಆಲೂಗಡ್ಡೆ ತುಂಡಿನವರು,
ಬ್ರಾವಾಸ್ ತಟ್ಟೆಯ ನಡುಭಾಗ, ಕಿಟಕಿ ಪಕ್ಕದ ಮೇಜು,
ರೊಸೌರಾ ಅವರ ಬಾರು, ಲಾವಾಪಿಯೆಸ್, ಮ್ಯಾಡ್ರಿಡ್.

ಮಾನ್ಯರೇ,

ತಮ್ಮ ಘನ ಸನ್ನಿಧಿಗೆ ಹಸಿದ ಹೊಟ್ಟೆಯ ಅನಂತ ನಮಸ್ಕಾರಗಳು. ತಾವು ಈ ಹೊತ್ತು ಯಾವ ಮೂಟೆಯಲ್ಲಿ, ಯಾವ ಗೆಡ್ಡೆಯ ಯಾವ ಮಗ್ಗುಲಾಗಿ ವಿಶ್ರಮಿಸುತ್ತಿದ್ದೀರೋ ನಾನರಿಯೆ. ಆದರೆ ಬರುವ ಭಾನುವಾರ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ತಾವು ನಮ್ಮ ತಟ್ಟೆಯ ನಡುವೆ ಒಂಟಿಯಾಗಿ ವಿರಾಜಮಾನರಾಗುವಿರೆಂಬುದರಲ್ಲಿ ಸಂಶಯವಿಲ್ಲದ ಕಾರಣ, ಗುರುವಾರವೇ ಕುಳಿತು ಈ ಪತ್ರವನ್ನು ಬರೆದು, ರೊಸೌರಾ ಅವರ ಅಪ್ಪಣೆ ಪಡೆದು, ತಮಗೂ ಊರಿಗೂ ಕಾಣುವಂತೆ ಬಾರಿನ ಗೋಡೆಗೆ ಅಂಟಿಸಲಿದ್ದೇನೆ. ತಮಗೆ ಕಣ್ಣಿಲ್ಲವೆಂದು ಕೆಲವರು ಆಕ್ಷೇಪಿಸಿದರು. ಹದಿನಾಲ್ಕು ವರ್ಷಗಳಿಂದ ತಾವು ನನ್ನನ್ನೇ ದಿಟ್ಟಿಸುತ್ತಿರುವುದನ್ನು ಅವರು ಕಂಡಿಲ್ಲ.

ನನ್ನ ಪರಿಚಯ ಹೇಳಿಕೊಳ್ಳಬೇಕು. ಹೆಸರು ಎವಾರಿಸ್ತೊ ಲೊಸೊಯಾ, ವಯಸ್ಸು ಅರವತ್ತೇಳು. ನೋಂದಣಿ ಕಚೇರಿಯ ವಿವಾಹ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಊರವರ ಮದುವೆಗಳಿಗೆಲ್ಲ ಮೊಹರು ಒತ್ತಿ ನಿವೃತ್ತನಾದವನು, ಸ್ವತಃ ಅವಿವಾಹಿತ. ಪ್ರತಿ ಭಾನುವಾರ ಒಂದು ಗಂಟೆಗೆ ಆ ಮೇಜಿನಲ್ಲಿ ನಾವು ಮೂವರು ಕೂರುತ್ತೇವೆ: ನಾನು, ನನ್ನ ಗೆಳೆಯ ಫೆರ್ಮಿನ್, ಮತ್ತು ಅವನ ತಂಗಿ ಕಾಸಿಲ್ದಾ, ಗೌರವಕ್ಕೆ ದೋನ್ಯಾ ಕಾಸಿಲ್ದಾ. ಆಕೆ ನಾಟಕದವರಿಗೆ ಉಡುಪು ಹೊಲಿಯುವವರು, ಗಂಡ ತೀರಿಕೊಂಡು ಹದಿನಾರು ವರ್ಷವಾಗಿದೆ, ನಕ್ಕರೆ ಪಕ್ಕದ ಮೇಜಿನವರೂ ಕಾರಣ ತಿಳಿಯದೆ ನಗುತ್ತಾರೆ. ಮೂರು ಲೋಟ ವರ್ಮುತ್ ಮದ್ಯ, ಒಂದು ತಟ್ಟೆ ಬ್ರಾವಾಸ್, ಅಂದರೆ ಖಾರದ ಸಾಸ್ ಹೊಯ್ದ ಕರಿದ ಆಲೂಗಡ್ಡೆ. ಬೇರೇನನ್ನೂ ನಾವು ಕೇಳಿದವರಲ್ಲ.

ತಮ್ಮ ಒಡಹುಟ್ಟಿದವರ ಬಗ್ಗೆ ನನ್ನದೇನೂ ತಕರಾರಿಲ್ಲವೆಂಬುದು ದಾಖಲಾಗಲಿ. ರೊಸೌರಾ ಅವರು ಆಲೂಗಡ್ಡೆಯೊಳಕ್ಕೆ ಚಾಕುವನ್ನು ಅರ್ಧ ಇಳಿಸಿ, ಉಳಿದರ್ಧವನ್ನು ಲಟಕ್ಕೆಂದು ಮುರಿದು, ಒಂದರಂತೆ ಇನ್ನೊಂದಿಲ್ಲದ ತುಂಡುಗಳನ್ನು ಸಣ್ಣ ಉರಿಯ ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿ, ಹೊರತೆಗೆದು ಆರಲು ಬಿಟ್ಟು, ಗಿರಾಕಿ ಬಂದ ಮೇಲೆ ಕಾದ ಎಣ್ಣೆಯಲ್ಲಿ ಎರಡನೆಯ ಬಾರಿ ಮುಳುಗಿಸಿದಾಗ, ಅವು ಹೊರಗೆ ಗರಿಗರಿಯಾಗಿ ಒಳಗೆ ಬೆಣ್ಣೆಯಂತಾಗಿ ಬರುತ್ತವೆ. ಸಾಸಿನದು ಇನ್ನೂ ಗಂಭೀರ ವಿಚಾರ. ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ, ಒಲೆ ಆರಿಸಿ, ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿಯನ್ನು ಸಿಹಿಯದೊಂದಿಷ್ಟು ಖಾರದ್ದೊಂದಿಷ್ಟು ಸುರಿದು, ಅದು ಸೀಯುವ ಮೊದಲೇ ಒಂದು ಚಮಚ ಹಿಟ್ಟು ಕಲಸಿ, ಮತ್ತೆ ಒಲೆ ಹಚ್ಚಿ, ಮೂಳೆ ಬೇಯಿಸಿದ ನೀರು ಹೊಯ್ದು ಕುದಿಸಿ, ಕಡೆಗೆ ನಾಲ್ಕು ಹನಿ ವಿನೆಗರ್. ಟೊಮೆಟೊ ಇಲ್ಲ. ಒಮ್ಮೆ ಯಾರೋ ಪರಸ್ಥಳದವರು ಟೊಮೆಟೊ ಹಾಕಿಲ್ಲವೇ ಎಂದು ಕೇಳಿದ್ದಕ್ಕೆ ರೊಸೌರಾ ಅವರು ಆ ಗಿರಾಕಿಗೆ ಔಷಧಿ ಅಂಗಡಿಯ ದಾರಿ ತೋರಿಸಿದರು.

ಇಂಥ ಇಪ್ಪತ್ತೈದು ತುಂಡುಗಳನ್ನು ನಾವು ಹಲ್ಲುಕಡ್ಡಿಯಲ್ಲಿ ಚುಚ್ಚಿ ಚುಚ್ಚಿ, ನಾಚಿಕೆ ಮಾನ ಬಿಟ್ಟು ತಿನ್ನುತ್ತೇವೆ. ಅಷ್ಟರಲ್ಲಿ ತಾವು ಪ್ರತ್ಯಕ್ಷರಾಗುತ್ತೀರಿ.

ಹಂಚಿ ತಿನ್ನುವ ತಟ್ಟೆಯಲ್ಲಿ ಕೊನೆಯ ತುಂಡಿಗೆ ಕೈ ಹಾಕುವವನು ಮನುಷ್ಯನೇ ಅಲ್ಲವೆಂಬುದು ನಮ್ಮಲ್ಲಿ ಮಕ್ಕಳಿಗೆ ಚಮಚ ಹಿಡಿಯುವ ಮೊದಲೇ ಕಲಿಸುವ ಪಾಠ. ತಮ್ಮನ್ನು ನಾಚಿಕೆಯ ತುಂಡು ಎಂದು ಕರೆಯುವುದೂ ಅದಕ್ಕೇ. ತಾವು ಕಂಡೊಡನೆ ನಾನು "ತಗೊಳ್ಳಿ ದೋನ್ಯಾ ಕಾಸಿಲ್ದಾ" ಎನ್ನುತ್ತೇನೆ. "ಅಯ್ಯೋ, ನನಗೆ ಸಾಕಪ್ಪ, ನೀವು ತಗೊಳ್ಳಿ" ಎನ್ನುತ್ತಾರೆ ಅವರು. ನಾನು ಫೆರ್ಮಿನ್ ಕಡೆ ನೋಡುತ್ತೇನೆ. ಆಗಷ್ಟೇ ಹನ್ನೊಂದು ತುಂಡು ನುಂಗಿದ ಆ ಮಹಾನುಭಾವ, "ನಂಗೆ ಡಾಕ್ಟ್ರು ಎಣ್ಣೆ ಪದಾರ್ಥ ಮುಟ್ಟಬೇಡ ಅಂದಿದಾರೆ ಕಣೋ" ಎಂದು ಮೀಸೆ ಒರೆಸಿಕೊಳ್ಳುತ್ತಾನೆ. ಅಲ್ಲಿಂದಾಚೆ ಮೂರು ಗಂಟೆಯವರೆಗೆ ನಾವು ಹವಾಮಾನ ಮಾತಾಡುತ್ತೇವೆ. ಈ ದೇಶದಲ್ಲಿ ಮಂತ್ರಿಗಳು ಬಂದರು, ಹೋದರು, ಹಣವೇ ಬದಲಾಯಿತು; ಕುರ್ಚಿ ಬಿಡದೆ ಕೂತವರು ತಾವೊಬ್ಬರೇ. ತಮ್ಮ ಸ್ಥಿರತೆಗೆ ನನ್ನ ಅಭಿನಂದನೆಗಳು.

ತಮ್ಮನ್ನು ಗೌರವದಿಂದ ಕಳುಹಿಸಿಕೊಡಲು ನಾವು ಪ್ರಯತ್ನಿಸಲಿಲ್ಲವೆಂದಲ್ಲ. ರೊಸೌರಾ ಅವರು ಬೇಸತ್ತು, ಒಂದೊಂದು ಪಾಲಿಗೆ ಸಮನಾಗಿ ಒಂಬತ್ತರಂತೆ ಎಣಿಸಿ ಇಪ್ಪತ್ತೇಳು ತುಂಡು ಕೊಟ್ಟರು. ಮೂವರೂ ಎಂಟೆಂಟು ತಿಂದು ಒಂದೊಂದು ಬಿಟ್ಟಿದ್ದರಿಂದ ಆ ಭಾನುವಾರ ತಾವು ಸಪರಿವಾರ ದಯಮಾಡಿಸಿದಂತಾಯಿತು. ಆಮೇಲೆ ಫೆರ್ಮಿನ್ ತಮ್ಮನ್ನು ಎರಡು ಹೋಳು ಮಾಡಿ ಒಂದನ್ನು ತಿಂದ. ಉಳಿದರ್ಧವೂ ಕೊನೆಯದೇ ಆದ್ದರಿಂದ ಅದನ್ನು ನಾನು ಅರ್ಧ ಮಾಡಿದೆ, ಅದನ್ನು ಕಾಸಿಲ್ದಾ ಅರ್ಧ ಮಾಡಿದರು, ಕಡೆಗೆ ತಮ್ಮನ್ನು ನೋಡಲು ಅವರು ಸೂಜಿಗೆ ದಾರ ಪೋಣಿಸುವ ಭೂತಗನ್ನಡಿಯನ್ನು ತೆಗೆಯಬೇಕಾಯಿತು. ಆಗಲೂ ತಾವು ಅಲ್ಲೇ ಇದ್ದಿರಿ. ಮತ್ತೊಂದು ಸಲ ಕಿಟಕಿಯಿಂದ ಗುಬ್ಬಚ್ಚಿಯೊಂದು ಹಾರಿಬಂದು ತಟ್ಟೆಯ ಅಂಚಿನಲ್ಲಿ ಕೂತಾಗ ಇಡೀ ಬಾರು ಉಸಿರು ಬಿಗಿಹಿಡಿಯಿತು. ಅದು ಸಾಸಿಗೊಮ್ಮೆ ಕೊಕ್ಕು ತಾಗಿಸಿ, ನಮ್ಮ ಮೂವರ ಮುಖ ನೋಡಿ, ಹೊರಟುಹೋಯಿತು. ಅದೂ ಮ್ಯಾಡ್ರಿಡ್‌ನಲ್ಲೇ ಹುಟ್ಟಿ ಬೆಳೆದದ್ದಿರಬೇಕು.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಕಳೆದ ಭಾನುವಾರ ತಾವು ತಟ್ಟೆಯಲ್ಲಿ ತಣ್ಣಗಾಗುತ್ತಿದ್ದಾಗ ದೋನ್ಯಾ ಕಾಸಿಲ್ದಾ, ಬಾರ್ಸಿಲೋನಾದಲ್ಲಿ ಅವರ ಸೋದರ ಸೊಸೆ ಉಡುಪಿನ ಅಂಗಡಿ ತೆರೆದಿರುವುದಾಗಿಯೂ, ತಿಂಗಳ ಕೊನೆಗೆ ತಾನೂ ಅಲ್ಲಿಗೇ ಹೋಗಿ ನೆಲೆಸುವುದಾಗಿಯೂ, ತಡೆಯುವ ಕಾರಣ ಇಲ್ಲಿ ಯಾವುದೂ ಕಾಣುತ್ತಿಲ್ಲವೆಂದೂ ತಿಳಿಸಿದರು. ಹದಿನಾಲ್ಕು ವರ್ಷಗಳಿಂದ ನಾಲಗೆ ತುದಿಯಲ್ಲಿದ್ದ ಮಾತನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಅಲ್ಲಿ ಬ್ರಾವಾಸ್ ಮೇಲೆ ಬಿಳಿ ಸಾಸ್ ಹಾಕುತ್ತಾರೆ ಎಂದೆ.

"ಬಿಳಿ ಸಾಸ್ ಹಾಕ್ತಾರೆ ಅನ್ನೋದೊಂದೇನಾ, ನಾನು ಹೋಗಬಾರದು ಅನ್ನೋದಕ್ಕೆ ಕಾರಣ?" ಎಂದು ಅವರು ಕೇಳಿದರು.

ಅದರಲ್ಲಿ ಬೆಳ್ಳುಳ್ಳಿಯೂ ಜಾಸ್ತಿ ಎಂದೆ.

ಅವರು ಕೋಟು ತೊಟ್ಟು ಹೋದರು. ಫೆರ್ಮಿನ್ ನನ್ನ ಭುಜದ ಮೇಲೆ ಕೈಯಿಟ್ಟು, "ಎದುರಿಗಿರೋ ಆಲೂಗಡ್ಡೆ ತಗೊಳ್ಳೋಕೇ ಧೈರ್ಯ ಇಲ್ದೋನು ನೀನು, ನನ್ನ ತಂಗೀನ ಏನು ಕೇಳ್ತೀಯ ಮಾರಾಯ" ಎಂದ. ಅವನಿಗೆ ಎಲ್ಲ ಗೊತ್ತಿತ್ತು. ಕಟ್ಟೆಯಾಚೆ ಲೋಟ ಒರೆಸುತ್ತಿದ್ದ ರೊಸೌರಾ ಅವರಿಗೂ ಗೊತ್ತಿತ್ತಂತೆ. ಪ್ರಾಯಶಃ ಗುಬ್ಬಚ್ಚಿಗೂ.

ಆದ್ದರಿಂದ ಮಾನ್ಯರಾದ ತಾವು ನನ್ನ ಕೆಲವು ಸಣ್ಣ ಕೋರಿಕೆಗಳನ್ನು ನಡೆಸಿಕೊಡಬೇಕಾಗಿ ವಿನಂತಿ. ಬರುವ ಭಾನುವಾರ ತಾವು ಕೊನೆಗೆ ಬರುವುದನ್ನು ಬಿಟ್ಟು ನಡುವೆಲ್ಲಾದರೂ ಬಂದು ಬಿಸಿಯಿರುವಾಗಲೇ ಯಾರದಾದರೂ ಬಾಯಿಗೆ ಬೀಳಬಹುದು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನಾನು ಆಕಳಿಸುವ ಹೊತ್ತು ನೋಡಿ ತಾವೇ ನೆಗೆದು ಒಳಸೇರಬಹುದು. ಆಕಸ್ಮಿಕವೆಂದು ಬರೆದುಕೊಡಲು ನಾನು ಸಿದ್ಧ, ಮೊಹರು ಇನ್ನೂ ನನ್ನ ಬಳಿ ಇದೆ. ಅದೂ ಆಗದಿದ್ದಲ್ಲಿ ಕೊನೆಯ ಕೋರಿಕೆ, ಇದು ಗೋಪ್ಯವಾದ್ದರಿಂದ ಗೋಡೆಯ ಮೇಲೆ ಈ ಪತ್ರ ಓದುವ ಇತರರು ದಯವಿಟ್ಟು ಇಲ್ಲಿಂದ ಮುಂದಿನ ವಾಕ್ಯವನ್ನು ಬಿಟ್ಟು ಓದತಕ್ಕದ್ದು: ತಾವು ತಟ್ಟೆಯಲ್ಲಿ ಎದ್ದು ನಿಂತು, ಎವಾರಿಸ್ತೊ ಎಂಬ ಈ ಹೇಡಿಗೆ ಭಾನುವಾರ ಬಿಟ್ಟರೆ ವಾರದಲ್ಲಿ ಬೇರೆ ದಿನಗಳೇ ಇಲ್ಲವೆಂದೂ, ಊರವರ ಮದುವೆಗೆಲ್ಲ ಮೊಹರು ಒತ್ತುವಾಗಲೂ ನಿವೃತ್ತನಾದ ಮೇಲೂ ಹದಿನಾಲ್ಕು ವರ್ಷ ಆತ ಒಂದೇ ಹೆಸರನ್ನು ನೆನೆದನೆಂದೂ, ಆಕೆ ಹೋದರೆ ಆ ಮೇಜು ಬರಿಯ ಮರವೆಂದೂ ದೋನ್ಯಾ ಕಾಸಿಲ್ದಾ ಅವರಿಗೆ ನನ್ನ ಪರವಾಗಿ ಸ್ಪಷ್ಟ ಧ್ವನಿಯಲ್ಲಿ ಹೇಳಬೇಕು.

ತಮ್ಮ ಮೌನವನ್ನು ಇಷ್ಟು ವರ್ಷ ಗೌರವಿಸಿದವನ ಮಾತಿಗೆ ಬೆಲೆ ಕೊಡುವಿರೆಂದು ನಂಬಿ, ಹಲ್ಲುಕಡ್ಡಿಯನ್ನು ಕೆಳಗಿಟ್ಟು ಕೈಮುಗಿಯುವ

ತಮ್ಮ ವಿಶ್ವಾಸಿ,
ಎವಾರಿಸ್ತೊ ಲೊಸೊಯಾ

ವಿ.ಸೂ. (ಹತ್ತು ದಿನ ಬಿಟ್ಟು ಸೇರಿಸಿದ್ದು): ತಾವು ಎದ್ದು ನಿಲ್ಲಲಿಲ್ಲ. ತಮ್ಮಿಂದ ಅಷ್ಟನ್ನೂ ನಿರೀಕ್ಷಿಸಿದ್ದು ನನ್ನದೇ ತಪ್ಪು. ಆ ಭಾನುವಾರ ತಟ್ಟೆಯಲ್ಲಿ ತಾವೊಬ್ಬರೇ ಉಳಿದ ಮೇಲೆ ದೋನ್ಯಾ ಕಾಸಿಲ್ದಾ ಕನ್ನಡಕ ಹಾಕಿಕೊಂಡು, ಗೋಡೆಯ ಮುಂದೆ ನಿಂತು, ಈ ಪತ್ರವನ್ನು ಇಡೀ ಬಾರಿಗೆ ಕೇಳುವಂತೆ ಓದಿದರು. ಗೋಪ್ಯ ವಾಕ್ಯ ಬಂದಾಗ ಮಾತ್ರ ದನಿ ನಿಲ್ಲಿಸಿ ತಮ್ಮಷ್ಟಕ್ಕೆ ಓದಿಕೊಂಡರು, ಎರಡು ಸಲ. ಆಮೇಲೆ ಮೇಜಿಗೆ ಬಂದು, ಹಲ್ಲುಕಡ್ಡಿಯಿಂದ ತಮ್ಮನ್ನು ಚುಚ್ಚಿ, ತಟ್ಟೆಯಲ್ಲಿದ್ದ ಸಾಸನ್ನೆಲ್ಲ ತಮ್ಮಿಂದಲೇ ಒರೆಸಿ, ಎಲ್ಲರ ಕಣ್ಣೆದುರು ಬಾಯಿಗೆ ಹಾಕಿಕೊಂಡರು. "ಥೂ, ತಣ್ಣಗಾಗಿದೆ," ಎಂದರು, ನನ್ನನ್ನು ನೋಡಿಕೊಂಡು. "ಬಿಸಿ ಇದ್ದಾಗ ಕೇಳೋದು ಬಿಟ್ಟು ಆಲೂಗಡ್ಡೆಗೆ ಅರ್ಜಿ ಹಾಕ್ತೀರಲ್ಲ, ಎವಾರಿಸ್ತೊ. ನಾಚಿಕೆ ನಾನು ತಿಂದಾಯ್ತು. ಈಗ ನೀವೇ ಬಾಯಿಬಿಟ್ಟು ಹೇಳಿ." ಹೇಳಿದೆ. ಕೇಳಿಸಿಕೊಳ್ಳಲು ತಾವಿರಲಿಲ್ಲ, ನಷ್ಟ ತಮ್ಮದು. ಅವರ ಹೊಲಿಗೆ ಯಂತ್ರ ಈಗ ನನ್ನ ಮನೆಯ ಊಟದ ಮೇಜನ್ನು ಪೂರ್ತಿಯಾಗಿ ಆಕ್ರಮಿಸಿಕೊಂಡಿದೆ, ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇನೆ. ಈ ಬಗ್ಗೆ ನನ್ನದು ಯಾವ ದೂರೂ ಇಲ್ಲ.