ಮಾಮಾನ ಎಡಗಿವಿ

ದೇವರು ಎಲ್ಲರಿಗೂ ಕಿವಿ ಕೊಟ್ಟದ್ದು ಕೇಳಲಿಕ್ಕೆ; ನಮ್ಮ ಮಾಮಾನಿಗೆ ಮಾತ್ರ ಸಾಮಾನು ಇಡಲಿಕ್ಕೆ!

ಇದು ನನ್ನ ಮಾತಲ್ಲ. ಮಾಮಾ ಎಂದರೆ ನಮ್ಮ ಅವ್ವನ ಒಬ್ಬನೇ ತಮ್ಮ. ಅವನೊಂದಿಗೆ ನಲವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದ ಅತ್ತಿ, ಮನೆಗೆ ಹೊಸಬರು ಯಾರೇ ಬರಲಿ, ಚಹಾ ಕೊಡುವ ಮೊದಲು ಹೇಳುವ ಮಾತಿದು. ಬಲಗಿವಿಯ ಮೇಲೆ ಒಂದು ಬೀಡಿ, ಎಡಗಿವಿಯ ಮೇಲೆ ಒಂದು ಪೆನ್ಸಿಲು. ಎಡಗಿವಿಯ ಮಡಿಕೆಯೊಳಗೆ ಅತ್ತರಿನಲ್ಲಿ ಅದ್ದಿದ ಹತ್ತಿ. ಆ ಹತ್ತಿಯ ಮರೆಯಲ್ಲಿ ಸುರುಳಿ ಸುತ್ತಿದ ಬಸ್ಸಿನ ಟಿಕೀಟು, ಕೆಲವೊಮ್ಮೆ ಒಂದು ಲವಂಗ. ಒಮ್ಮೆ ಅತ್ತಿಯ ಮೂಗುತಿಯ ತಿರುಪು ಕಾಣೆಯಾಯಿತು. ಅತ್ತಿ ಎರಡು ದಿನ ಮನೆ ಗುಡಿಸಿದಳು, ಗುಡಿಸಿದ ಕಸ ಜಾಲಾಡಿದಳು, ಕೊನೆಗೆ ಕಸಬರಿಗೆಯನ್ನೇ ಬಿಚ್ಚಿ ನೋಡಿದಳು. ಮೂರನೆಯ ದಿನ ಮಾಮಾ ಕಿವಿಯ ಹತ್ತಿ ಬದಲಿಸುವಾಗ ತಿರುಪು ನೆಲದ ಬಂಡೆಯ ಮೇಲೆ ಟಣ್ಣೆಂದು ಬಿತ್ತು!

"ಕಳೀಬಾರ್ದಂತ ನಾನ ತಗದಿಟ್ಟಿದ್ದೆ," ಎಂದ ಮಾಮಾ.

"ಎರಡು ದಿನ ನಾ ಹುಡುಕೋದು ನೋಡ್ಕೋತ ಕುಂತಿದ್ರಲ್ಲ, ಬಾಯಾಗೇನು ಇಟ್ಕೊಂಡಿದ್ರಿ?"

"ಬಾಯಾಗ ಎಲಿ ಅಡಿಕಿ ಇತ್ತು."

ನಾನು ಯಾದಗಿರಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಆಧಾರವಿಲ್ಲದೆ ಒಂದು ವಾಕ್ಯ ಬರೆದರೂ ಹುಡುಗರ ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಗೆರೆ ಎಳೆಯುತ್ತೇನೆ. ಹನ್ನೆರಡನೆಯ ವಯಸ್ಸಿನಿಂದ ದಿನಚರಿ ಇಡುತ್ತಾ ಬಂದಿದ್ದೇನೆ, ನನ್ನ ನೆನಪಿನ ಮೇಲೆ ನನಗೇ ಭರವಸೆ ಇಲ್ಲವೆಂದು. ತಿರುಪಿನ ಪ್ರಸಂಗ ದಿನಚರಿಯಲ್ಲಿದೆ: ಎರಡು ದಿನ. ಅತ್ತಿ ಈಗ ಒಂದು ವಾರ ಎನ್ನುತ್ತಾಳೆ. ಮಾಮಾ, "ಒಂದು ತಾಸು ಹುಡುಕಿದಳೋ ಇಲ್ಲೋ" ಎನ್ನುತ್ತಾನೆ. ಇತಿಹಾಸ ಹೀಗೆಯೇ ಅಲ್ಲವೆ ತಯಾರಾಗುವುದು!

ಮಾಮಾ ಶಹಾಪುರದ ಹತ್ತಿರ ಕಾಲುವೆಯ ಮೇಲೆ ಲಸ್ಕರ್ ಆಗಿದ್ದ. ಗೇಟಿನ ಚಕ್ರ ತಿರುಗಿಸಿ ಹೊಲಗಳಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ನೌಕರಿ. ಕಾಲುವೆ ಆಗ ನಮ್ಮ ಸೀಮೆಗೆ ಹೊಸದು. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದಿದ್ದ ಕರಿನೆಲದಲ್ಲಿ ಭತ್ತ ಹಸಿರಾಗಿ ನಿಂತಿತ್ತು. ಸಂಜೆಯಾದರೆ ಜನ ಏರಿಯ ಮೇಲೆ ಬಂದು ಸುಮ್ಮನೆ ನೀರು ನೋಡುತ್ತಾ ಕೂರುತ್ತಿದ್ದರು. ಮದುವೆ ಮನೆಯಲ್ಲಿ ಹೊಸ ಸೊಸೆಯನ್ನು ನೋಡಿದ ಹಾಗೆ. ಬೇಸಿಗೆ ಕಳೆದು ಒಣಕಾಲುವೆಗೆ ಮೊದಲ ಸಲ ನೀರು ಬಿಡುವ ದಿನ ಮಾಮಾನದೇ ದರ್ಬಾರು. ಗೇಟಿನ ಕಬ್ಬಿಣದ ಕಂಬಿಗೆ ಬಲಗಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುವನು. ಸುತ್ತ ನಿಂತವರು ಕೆಮ್ಮುವಂತಿಲ್ಲ. ಒಂದಿಷ್ಟು ಹೊತ್ತಿಗೆ ಅವನ ಬಲಗೈ ಮೇಲೇರುತ್ತಿತ್ತು.

"ಬರಾಕತ್ತೈತಿ."

ಅರ್ಧ ತಾಸಿಗೆ ಕೆಂಪು ನೀರು ಕಸಕಡ್ಡಿ ನೂಕುತ್ತಾ ತಿರುವಿನಲ್ಲಿ ಕಾಣಿಸುತ್ತಿತ್ತು!

ಹೊಸದಾಗಿ ಬಂದ ಎಂಜಿನಿಯರ್ ಸಾಹೇಬರೊಬ್ಬರು ಇದನ್ನು ನೋಡಿ ನಕ್ಕರಂತೆ. "ನೀರಿನ ಮಟ್ಟ ನೋಡಲಿಕ್ಕೆ ಗೋಡೆ ಮೇಲೆ ಪಟ್ಟಿ ಬರೆಸಿದ್ದೇವಲ್ಲಪ್ಪ, ಕಿವಿ ಯಾಕೆ?" ಮಾಮಾ ಕೈಕಟ್ಟಿ ವಿನಯದಿಂದ ಹೇಳಿದನಂತೆ: "ಸಾಹೇಬ್ರ, ನಿಮ್ಮ ಪಟ್ಟಿ ನೀರು ಬಂದಮ್ಯಾಲ ಹೇಳ್ತೈತ್ರಿ. ನನ್ನ ಕಿವಿ ಬರೋಕಿಂತ ಮದಲ ಹೇಳ್ತೈತಿ." ಸಾಹೇಬರು ಮುಂದೆ ತಾವೂ ಕಂಬಿಗೆ ಕಿವಿ ಹಚ್ಚತೊಡಗಿದರು ಎಂಬಲ್ಲಿಗೆ ಮಾಮಾ ಈ ಕಥೆ ಮುಗಿಸುತ್ತಾನೆ. ನಾನಂತೂ ಕೆಂಪು ಗೆರೆ ಎಳೆದಿಟ್ಟಿದ್ದೇನೆ.

ನಾನೂ ಒಮ್ಮೆ ಕಿವಿ ಹಚ್ಚಿದ್ದುಂಟು. ಒಂಬತ್ತೋ ಹತ್ತೋ ವರ್ಷ. ದಿನಚರಿ ಇನ್ನೂ ಶುರುವಾಗಿರಲಿಲ್ಲ, ಆದ್ದರಿಂದ ಪೂರಾ ನಂಬಬೇಡಿ. ಕಂಬಿ ಬಿಸಿಲಿಗೆ ಕಾದು ರೊಟ್ಟಿ ಹಂಚಾಗಿತ್ತು. ಕಿವಿ ಚುರ್ ಎಂದದ್ದು ಬಿಟ್ಟರೆ ಏನೂ ಕೇಳಲಿಲ್ಲ. "ಕೇಳ್ತಾ?" ಎಂದ ಮಾಮಾ. ಅವನ ಮುಖ ನೋಡಿ, "ಹೂಂ ಮಾಮಾ, ಕೇಳ್ತು," ಎಂದೆ. ಅವನು ಹಿಗ್ಗಿ ಊರೆಲ್ಲ ಹೇಳಿಕೊಂಡು ಬಂದ, ಅಕ್ಕನ ಮಗಳಿಗೆ ತನ್ನ ಕಿವಿ ಬಂದಿದೆ ಎಂದು! ಆ ಸುಳ್ಳನ್ನು ನಾನು ಇವತ್ತಿನವರೆಗೂ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಬಲಗಿವಿ ಸರ್ಕಾರದ್ದು, ಎಡಗಿವಿ ನಂದು ಎಂದು ಮಾಮಾ ಹಂಚಿಕೆ ಮಾಡಿಕೊಂಡಿದ್ದ. ಎಡಗಿವಿಯಲ್ಲಿ ಅಂಗಿ ಜೇಬಿನ ಸಣ್ಣ ರೇಡಿಯೋದ ಒಂಟಿ ಇಯರ್‌ಫೋನು. ಬಗ್ಗಿ ಚಕ್ರ ತಿರುಗಿಸಿದರೂ ಅದು ಬೀಳುತ್ತಿರಲಿಲ್ಲ. ಹೇಗೆ ನಿಲ್ಲುತ್ತಿತ್ತು ಎಂದು ಆಗ ಯಾರೂ ಕೇಳಲಿಲ್ಲ. ಬೀಳದೆ ನಿಂತದ್ದರ ಬಗ್ಗೆ ಯಾರು ವಿಚಾರಿಸುತ್ತಾರೆ?

ಈಗ ಹೋದ ವರ್ಷದ ಸಂಗತಿಗೆ ಬರುತ್ತೇನೆ. ಅವ್ವ ಸುರಪುರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಮಾಮಾ ಶಹಾಪುರದಲ್ಲಿ. ಮನೆಗೆ ಫೋನು ಬಂದ ದಿನದಿಂದ ಸಂಜೆ ಆರಕ್ಕೆ ಅಕ್ಕ ತಮ್ಮ ಮಾತಾಡಲೇಬೇಕು. ಮಳೆ ಬರಲಿ, ಕರೆಂಟು ಹೋಗಲಿ. ಮಾತೇನು? "ಏನ್ ಉಂಡಿ?" "ಜೋಳದ ರೊಟ್ಟಿ." "ಪಲ್ಯ?" "ಪುಂಡಿಪಲ್ಯ." "ಮತ್ತ?" "ಮತ್ತ ಏನಿಲ್ಲ." ಇಷ್ಟಕ್ಕೆ ಅರ್ಧ ತಾಸು! ಹೋದ ವರ್ಷ ಅವ್ವನ ಗಂಟಲಿಗೆ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಉಳಿದದ್ದು ಪಿಸುಮಾತು, ಅದೂ ದಣಿವಿಲ್ಲದ ದಿನ. ಫೋನನ್ನು ಕಿವಿಗೊತ್ತಿಕೊಂಡರೂ ಮಾಮಾನಿಗೆ ಕೇಳುವುದಿಲ್ಲ. ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಕೂತ. ಅವ್ವ ಅವತ್ತು, "ಹೊಟ್ಟಿ ಕಟ್ಟಿದ್ದು ಬಿಡ್ತಾ, ತಮ್ಮಾ?" ಎಂದು ವಿಚಾರಿಸಿದಳು. ಮರುದಿನ ಬೆಳಿಗ್ಗೆ ಎದುರುಮನೆಯವಳು ಚೊಂಬು ತುಂಬ ಬಿಸಿನೀರು, ಹಿಂದಿನ ಮನೆಯವಳು ಬಾಳೆಹಣ್ಣು ತಂದರು, ಓಣಿಯ ತುದಿಯ ಹಿರಿಯರೊಬ್ಬರು, "ಈಗ ಹ್ಯಾಂಗದ್ರಿ?" ಎಂದು ಕೇಳಿ ಹೋದರು! ಸುದ್ದಿ ಸುರಪುರಕ್ಕೆ ಮುಟ್ಟಿದ್ದೇ ಅವ್ವ ನನಗೆ ಪಿಸುಗುಟ್ಟಿದಳು: "ಓಣಿ ಎಲ್ಲಾ ಕೇಳೋದಾದ್ರ ನಾ ಅವನ ಕೂಡ ಮಾತಾಡಂಗಿಲ್ಲ." ಆಡಿದಂತೆಯೇ ಮಾಡಿದಳು. ನಾಲ್ಕು ಸಂಜೆ ಫೋನು ಇಲ್ಲ. ಐದನೆಯ ದಿನ ಅತ್ತಿ ಕರೆ ಮಾಡಿದಳು. ಮಾಮಾ ಆರು ಗಂಟೆಗೆ ಕಟ್ಟೆಗೆ ಬಂದು, ಏಳಕ್ಕೆ ಎದ್ದು, ಉಣ್ಣದೆ ಮಲಗುತ್ತಿದ್ದಾನಂತೆ.

ಕಿವಿಯೊಳಗೆ ಕೂರುವ ಬಡ್ಸು ಬೇಕು ಎಂದು ತೀರ್ಮಾನವಾಯಿತು. ಕೊಡಿಸುವವರು ಯಾರು?

"ಕಡದಾಕಿ ನೀನು. ಕೊಡಸಾಕಿನೂ ನೀನ," ಎಂದ ಮಾಮಾ.

ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಕೂಸಿಗೆ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ತಲೆ ಅಲುಗಾಡದಂತೆ ಹಿಡಿಯುವುದು ಅವನ ಹಕ್ಕು, ಒದೆ ತಿನ್ನುವುದೂ ಅವನ ಹಕ್ಕೇ. ನನ್ನ ಕಿವಿ ಚುಚ್ಚಿದಾಗ ನಾನು ನೋವಿಗೆ ತಿರುಗಿ ಮಾಮಾನ ಎಡಗಿವಿಯನ್ನು ಕಚ್ಚಿ, ಅಂಚಿನಲ್ಲಿ ಒಂದು ಕಚ್ಚು ಮಾಡಿದೆನಂತೆ. ಕಚ್ಚು ಇರುವುದು ನಿಜ, ನಾನೇ ಕಂಡಿದ್ದೇನೆ. ಆದರೆ ಅವ್ವನ ಪ್ರಕಾರ ಅವನು ಚಿಕ್ಕಂದಿನಲ್ಲಿ ಸೀತಾಫಲದ ಆಸೆಗೆ ವನದುರ್ಗದ ಕೋಟೆ ಗೋಡೆ ಏರಿ ಬಿದ್ದಾಗ ಆದದ್ದು ಅದು. ಅತ್ತಿಯ ಪ್ರಕಾರ, "ಹೆಣ್ಣು ನೋಡಾಕ ಬಂದಾಗನ ಹಂಗಿತ್ತು. ಆದ್ರ ಹರದ ಅಂಗಡಿ ಮಾಲಿನಂಗ ವಾಪಸ್ ಮಾಡಾಕ ಬರಂಗಿರ್ಲಿಲ್ಲ." ಕಿವಿ ಚುಚ್ಚಿಸಿದಾಗ ನನಗೆ ಹನ್ನೊಂದು ತಿಂಗಳು. ಬಾಯಲ್ಲಿದ್ದದ್ದು ನಾಲ್ಕು ಹಲ್ಲು. ಇತಿಹಾಸದ ಅಧ್ಯಾಪಕಿಯಾಗಿ ಕೇಳುತ್ತೇನೆ, ನಾಲ್ಕು ಹಾಲುಹಲ್ಲಿನಿಂದ ಅಂಥ ಕಚ್ಚು ಸಾಧ್ಯವೆ? ಆದರೆ ಕಿವಿಯೊಂದಿಗೆ ವಾದ ಮಾಡಿ ಗೆದ್ದವರಿಲ್ಲ. ಕರೆದುಕೊಂಡು ಹೋದೆ.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಮೊಬೈಲ್ ಅಂಗಡಿ. ಅಂಗಡಿಯವನು ಒಳ್ಳೆಯ ಮನುಷ್ಯ. "ಕಾಕಾ, ಮದಲ ಕಿವಿ ಸಾಫ್ ಮಾಡ್ಕೋರಿ, ಆ ಹತ್ತಿಗಿತ್ತಿ ತಗೀರಿ," ಎಂದ. ಮಾಮಾ ನೌಕರಿಯಲ್ಲಿದ್ದಾಗ ಮೇಲಿನವರ ಆದೇಶ ಪಾಲಿಸುತ್ತಿದ್ದಂತೆ ಅತ್ತರಿನ ಹತ್ತಿ ತೆಗೆದು ಜೇಬಿನಲ್ಲಿಟ್ಟ. ಬಡ್ಸು ಬಲಗಿವಿಯಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನನಗೆ ಹಿಗ್ಗೋ ಹಿಗ್ಗು.

"ಏನ್ ಕೇಳ್ತೈತಿ ಮಾಮಾ?"

"ಏನೂ ಇಲ್ಲ."

ಇಷ್ಟು ವರ್ಷ ಗೇಟಿನ ಮೊರೆತ ಕೇಳಿ ಕೇಳಿ ಬಲಗಿವಿ ಮಂದವಾಗಿಬಿಟ್ಟಿತ್ತು. ಕೇಳುವುದು ಎಡಗಿವಿಗೆ. ಅಲ್ಲಿ ಬಡ್ಸು ಕೂರುವುದಿಲ್ಲ! ಬಲಗಿವಿಯಲ್ಲಿ ಕೂರುತ್ತದೆ, ಕೇಳುವುದಿಲ್ಲ. ಎಡಗಿವಿಯಲ್ಲಿ ಕೇಳುತ್ತದೆ, ಕೂರುವುದಿಲ್ಲ. ಅಂಗಡಿಯವನು ಸಣ್ಣ, ನಡು, ದೊಡ್ಡ ರಬ್ಬರು ಹಾಕಿ ನೋಡಿದ. ದೊಡ್ಡದು ಒಂದು ಗಳಿಗೆ ನಿಂತಿತು. ಅಷ್ಟಕ್ಕೆ ಒಪ್ಪುವನೆ ಮಾಮಾ? "ತಡಿ, ಪರೀಕ್ಷಾ ಮಾಡ್ತೀನಿ" ಎಂದು ಅಂಗಡಿಯ ನಡುವೆ ಕಾಲು ಅಗಲಿಸಿ ನಿಂತು, ಬಗ್ಗಿ, ಇಲ್ಲದ ಗೇಟಿನ ಇಲ್ಲದ ಚಕ್ರವನ್ನು ಎರಡೂ ಕೈಯಿಂದ ತಿರುಗಿಸತೊಡಗಿದ! ಮೂರನೆಯ ಸುತ್ತಿಗೆ ಬಡ್ಸು ಹಾರಿ ಅಂಗಡಿಯವನ ಚಹಾದ ಗ್ಲಾಸಿಗೆ ಬಿತ್ತು.

"ಕಾಕಾ, ಇದನ್ನ ಮಾತು ಕೇಳಾಕ ಮಾಡ್ಯಾರ್ರಿ. ಕುಸ್ತಿ ಆಡಾಕಲ್ಲ!"

"ಮಾತು ಕೇಳೋ ಮುಂದ ಮನಶಾ ಅಲ್ಲಾಡಂಗಿಲ್ಲೇನು?"

ಅದಾದ ಮೇಲೆ ಕೊಕ್ಕೆಯಿರುವ ಜೋಡಿ ತಂದೆ. ಕೊಕ್ಕೆ ಇರಬೇಕಾದಲ್ಲಿ ಪೆನ್ಸಿಲು ಇತ್ತು, ಪೆನ್ಸಿಲು ಜಾಗ ಬಿಡಲಿಲ್ಲ. ಕೊರಳಿಗೆ ಹಾಕುವಂಥದ್ದು ತಂದೆ. ಅತ್ತಿ ನೋಡಿ, "ಎತ್ತಿನ ದಾವಣಿ ಭೇಷ್ ಐತಿ, ಇನ್ನ ಗೂಟ ಒಂದ ತರ್ರಿ," ಎಂದಳು. ಅಲ್ಲಿಗೆ ಅದರ ಕಥೆ ಮುಗಿಯಿತು. ಬೆರಳಿನಿಂದ ಒತ್ತಿ ಹಿಡಿದುಕೋ ಎಂದೆ. ಹಾಳಾದ್ದು, ಬೆರಳು ತಾಕಿದರೆ ಕರೆಯೇ ಕಟ್ಟಾಗುತ್ತದೆ! ಅವ್ವ ಅತ್ತ ಅಷ್ಟು ಕಷ್ಟಪಟ್ಟು, "ಏನ್ ಉಂಡಿ" ಎನ್ನುವಷ್ಟರಲ್ಲಿ ಇತ್ತ ಮಾಮಾ ಬಡ್ಸು ಸರಿಮಾಡಿಕೊಳ್ಳಲು ಹೋಗಿ ಕಟ್ ಮಾಡುತ್ತಿದ್ದ. ಮೂರು ಸಲ ಹೀಗಾದರೆ ಅವ್ವನಿಗೆ ನಾಲ್ಕನೆಯ ಸಲಕ್ಕೆ ಉಸಿರಿರುತ್ತಿರಲಿಲ್ಲ. ಇನ್ನೊಂದು ಬಡ್ಸು ಕಾಲುವೆಯ ಏರಿಯ ಮೇಲೆ ಅಡ್ಡಾಡುವಾಗ ನೀರಿಗೇ ಬಿತ್ತು. "ಈಗ ಅದು ಮುಂದಿನ ಗೇಟ್ ದಾಟಿರ್ತೈತಿ, ನಾಳಿ ಟೇಲ್ ಎಂಡಿನ್ಯಾಗ ಸಿಗ್ತೈತಿ," ಎಂದು ಮಾಮಾ ಕಾಲುವೆಯ ಕಟ್ಟಕಡೆಯ ಹೊಲದವರೆಗೆ ಲೆಕ್ಕ ಹಾಕಿದ. ಅತ್ತಿ ಬಿಡುವಳೆ? "ಟೇಲ್ ಎಂಡಿನವರಿಗೆ ನಿಮ್ಮ ನೀರ ಮುಟ್ಟಿಲ್ಲ, ಇನ್ನ ಬಡ್ಸ್ ಮುಟ್ತೈತಿ!"

ನಾವು ನಕ್ಕೆವು. ಮಾಮಾ ನಗಲಿಲ್ಲ. "ಅಕ್ಕ ನಾಕ್ ಮಾತಾಡಿದ್ರ ನನಗ ಒಂದ ಕೇಳ್ತೈತಿ. ಉಳಿದ ಮೂರು ಎಲ್ಲಿ ಹೋಗ್ತಾವು?" ಎಂದ. ಅತ್ತಿ ಎದ್ದು ಚಹಾಕ್ಕೆ ಇಟ್ಟಳು.

ಆ ವಾರ ಸುರಪುರಕ್ಕೆ ಹೋಗಿ ಅವ್ವನ ಮಗ್ಗುಲಲ್ಲಿ ಕೂತು ನಮ್ಮ ಸೋಲಿನ ಕಥೆ ಹೇಳಿದೆ. ಚಹಾದ ಗ್ಲಾಸಿನ ಭಾಗಕ್ಕೆ ಅವ್ವ ದನಿಯಿಲ್ಲದೆ ಭುಜ ಕುಣಿಸಿ ನಕ್ಕಳು. ಆಮೇಲೆ ನನ್ನ ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡಳು.

"ಅವನ ರೇಡಿಯೋ ಹೆಂಗ ನಿಂದರ್ತಿತ್ತು?"

"ಹೆಂಗ?"

"ಅತ್ತರ್ ಹತ್ತಿ. ಸುತ್ತ ತುರುಕ್ತಿದ್ದ. ಮೂಳ... ತಾನ ಮರತಾನ."

ಏಳು ತಿಂಗಳು, ನಾಲ್ಕು ಜೋಡಿ ಬಡ್ಸು! ಪ್ರತಿ ಸಲವೂ ಅವನು ಅಂಗಡಿಯವನ ಆದೇಶದಂತೆ ಹತ್ತಿ ತೆಗೆದು, ಕಿವಿ ಸಾಫ್ ಮಾಡಿಕೊಂಡು, ಬಡ್ಸು ಹಾಕಿ ಬೀಳಿಸುತ್ತಿದ್ದ. ಹತ್ತಿಗೇ ಅಳತೆಯಾಗಿ ಹಿಗ್ಗಿದ ಕಿವಿ, ಹತ್ತಿ ಇಲ್ಲದೆ ಏನನ್ನು ಹಿಡಿದೀತು? ಶಹಾಪುರಕ್ಕೆ ಹೋಗಿ ಹೇಳಿದೆ. ಮಾಮಾ ಹತ್ತಿಯನ್ನು ಬಡ್ಸಿನ ಸುತ್ತ ಇಟ್ಟು, ತುದಿಯನ್ನು ಆ ಐತಿಹಾಸಿಕ ಕಚ್ಚಿಗೆ ಸಿಕ್ಕಿಸಿದ. ಎದ್ದು ನಿಂತು ಚಕ್ರ ತಿರುಗಿಸಿದ. ಹತ್ತು ಸುತ್ತು. ಬಡ್ಸು ಅಲುಗಲಿಲ್ಲ!

"ನೋಡು, ನೀ ಕಡದದ್ದು ಕಡೀಕ ಉಪಯೋಗಕ್ಕ ಬಂತು," ಎಂದ. ಆಮೇಲೆ, "ಅಕ್ಕಗ ಇನ್ನಾ ನೆನಪೈತಿ?" ಎಂದು ಎರಡು ಸಲ ಕೇಳಿದ.

ಬಲಗಿವಿಯ ಬಡ್ಸಿಗೆ ಕೆಲಸವಿಲ್ಲ, ಡಬ್ಬಿಯಲ್ಲೇ ಇರುತ್ತದೆ. "ಅದು ನನ್ನಂಗ ಪೆನ್ಶನ್ ತಗೊಂಡೈತಿ" ಎನ್ನುತ್ತಾನೆ.

ಮೊನ್ನೆ ಭಾನುವಾರ ಅಲ್ಲಿದ್ದೆ. ಆರಕ್ಕೆ ಕರೆ ಬಂತು. ಮಾಮಾ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತ. ಐದು ನಿಮಿಷವಾಯಿತು, ಹತ್ತಾಯಿತು. "ಏನ್ ಉಂಡಿ" ಇಲ್ಲ, "ಮತ್ತ" ಇಲ್ಲ. ಕರೆ ಕಟ್ಟಾಗಿದೆ, ಮುದುಕನಿಗೆ ತಿಳಿದಿಲ್ಲ ಎಂದುಕೊಂಡು ಫೋನಿನಲ್ಲಿ ಇಣುಕಿದೆ. ಕರೆ ನಡೆದೇ ಇತ್ತು.

"ಅವ್ವ ಏನಂತಾಳ, ಮಾಮಾ?"

"ಏನೂ ಅನ್ನವಲ್ಲಳು. ಇವತ್ತ ದಣದಾಳ. ಎರಡು ಮೂರು ದಿನಕ್ಕೊಮ್ಮಿ ಹಿಂಗ."

"ಮತ್ತ ಇಷ್ಟೊತ್ತು ಏನ್ ಕೇಳಾಕತ್ತಿ?"

ಮಾಮಾ ಡಬ್ಬಿ ತೆರೆದು, ಪೆನ್ಶನ್ ತೆಗೆದುಕೊಂಡಿದ್ದ ಬಲಗಿವಿಯ ಬಡ್ಸನ್ನು ನನ್ನ ಕಿವಿಗಿಟ್ಟ. ಅದು ಜಾರಿತು. ಇನ್ನೊಮ್ಮೆ ಇಟ್ಟು, ಬಡ್ಸಿಗೆ ಬೆರಳು ತಾಕದಂತೆ ನನ್ನ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಿಂದ ನನ್ನ ತಲೆ ಅಲುಗದಂತೆ ಹಿಡಿದ. ಹನ್ನೊಂದು ತಿಂಗಳ ಕೂಸಿಗೆ ನೆನಪಿರುವುದಿಲ್ಲ, ಗೊತ್ತು. ಆದರೂ ಆ ಬೆರಳುಗಳು, ಆ ಅತ್ತರಿನ ವಾಸನೆ ನನಗೆ ಹೊಸದೆನಿಸಲಿಲ್ಲ.

ಮೊದಲು ಏನೂ ಇರಲಿಲ್ಲ. ಆಮೇಲೆ, ಬಹಳ ದೂರದಿಂದ, ಒಣಕಾಲುವೆಯಲ್ಲಿ ಬಂದ ಹಾಗೆ, ಸಣ್ಣಗೆ ಬಂತು. ನಿಂತಿತು. ಮತ್ತೆ ಬಂತು. ಅವ್ವನ ಉಸಿರು.

"ಕೇಳ್ತಾ?" ಎಂದ ಮಾಮಾ.

"ಹೂಂ ಮಾಮಾ," ಎಂದೆ. "ಬರಾಕತ್ತೈತಿ."

ಈ ಸಲ ಸುಳ್ಳು ಹೇಳಲಿಲ್ಲ.