ಗುಳಗಿ ಹಿಡಿಯುವ ಮಸಿಕಡ್ಡಿ

ನಾನು ಮಾಡುವ ಕೆಲಸ ಏನೆಂದು ಯಾರಿಗಾದರೂ ಹೇಳಲು ಹೋದಾಗಲೆಲ್ಲ ಒಂದಿಲ್ಲೊಂದು ಫಜೀತಿ ಆಗಿಯೇ ಆಗುತ್ತದೆ. ಜಮಖಂಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಜೊತೆಗೆ ಸಂಶೋಧನೆ. ಗ್ರಾಫೈಟ್ ಪುಡಿಗೆ ಎಣ್ಣೆ ಹಾಕಿ ಅರೆದು, ಸಣ್ಣ ಬಿಳಿ ನಳಿಕೆಗೆ ತುಂಬಿ, ತುದಿಗೆ ಇನ್ನೊಂದು ರಾಸಾಯನಿಕ ಲೇಪಿಸಿದರೆ ಎಲೆಕ್ಟ್ರೋಡ್ ಸಿದ್ಧ. ಅದನ್ನು ದ್ರಾವಣದಲ್ಲಿ ಅದ್ದಿ ವಿದ್ಯುತ್ ಹರಿಸಬೇಕು. ಒಳಗೆ ಜ್ವರ, ನೋವಿಗೆ ನುಂಗುವ ಗುಳಿಗೆಯ ಪ್ಯಾರಾಸಿಟಮಾಲ್ ಇದ್ದರೆ ಕಂಪ್ಯೂಟರಿನ ಗೆರೆ ಗುಡ್ಡದಂತೆ ಏಳುತ್ತದೆ. ಇಷ್ಟೇ.

೧

ಲೋಕಾಪುರದ ಬಸ್ಸಿನಲ್ಲಿ ಪಕ್ಕದ ಅಜ್ಜಿ ನನ್ನ ಕೆನ್ನೆಯ ಮಸಿಯನ್ನು ಸೆರಗಿನಿಂದ ಒರೆಸಿ ಕೇಳಿದಳು: "ಏನವ್ವಾ ಇದು?"

"ಪೆನ್ಸಿಲಿನ್ಯಾಗ ಇರತೈತಲ್ಲ ಅಜ್ಜಿ, ಅದ. ಇದರಿಂದ ಗುಳಗ್ಯಾಗ ಔಷಧ ಎಷ್ಟೈತಿ ಅಂತ ನೋಡತೇನಿ."

ಅಜ್ಜಿ ನನ್ನನ್ನು ಮರುಕದಿಂದ ನೋಡಿದಳು. "ಪಾಕೀಟಿನ ಮ್ಯಾಲ ಬರದಿರತಾರಲ್ಲವ್ವಾ. ಪಾಪ, ಓದಾಕ ಬರೂದಿಲ್ಲೇನ?"

೨

ನಮ್ಮ ಪ್ರಯೋಗಾಲಯದ ಅಟೆಂಡರಿಗೆ ಸ್ವಚ್ಛತೆಯೆಂದರೆ ಪ್ರಾಣ. ಎರಡು ದಿನ ಕಷ್ಟಪಟ್ಟು ಮಾಡಿದ್ದ ಎಲೆಕ್ಟ್ರೋಡನ್ನು ಒಂದು ಬೆಳಿಗ್ಗೆ ಹೊಳೆಹೊಳೆಯುವಂತೆ ತಂದು ಕೈಗಿಟ್ಟ. ಬರೀ ಬಿಳಿ ನಳಿಕೆ!

"ಮೇಡಮ್ಮಾರ, ಒಳಗ ಮಸಿ ಕಟ್ಟಿತ್ರಿ. ಕಡ್ಡಿ ಹಾಕಿ ತಗದೇನಿ."

ಆ ಮಸಿಯೇ ನನ್ನ ಸಂಶೋಧನೆ ಎಂದು ತಿಳಿಸಿ ಹೇಳಿದೆ. ಬಹಳ ನೊಂದುಕೊಂಡ. ಮರುದಿನ ಬಾಗಿಲಿಗೆ ಅವನದೇ ಅಕ್ಷರದ ಫಲಕ: "ಒಳಗ ಮೇಡಮ್ಮಾರ ಹೊಲಸು ಐತಿ. ಯಾರೂ ಸ್ವಚ್ಛ ಮಾಡಬಾರದು."

೩

ನುಂಗಿದ ಪ್ಯಾರಾಸಿಟಮಾಲ್ ಮೂತ್ರದಲ್ಲೂ ಸಿಗುತ್ತದೆ. ಗುಳಿಗೆ ನುಂಗದವರ ಮೂತ್ರದಲ್ಲಿ ಗೆರೆ ಏಳುವುದಿಲ್ಲವೆಂದು ತೋರಿಸಿದರೆ ನನ್ನ ಪ್ರಬಂಧ ಮುಗಿಯುತ್ತಿತ್ತು. ನಮ್ಮ ಗ್ರಂಥಪಾಲಕರು ತಾವಾಗಿಯೇ ಮುಂದೆ ಬಂದರು. "ನಂದ ತಗೋರಿ ಮೇಡಂ. ಹುಟ್ಟಿದಾಗಿಂದ ಇಂಗ್ಲಿಷ್ ಔಷಧ ಮುಟ್ಟಿದಾಂವ ಅಲ್ಲ ನಾ."

ಎಲೆಕ್ಟ್ರೋಡ್ ಅದ್ದಿದೆ. ಗೆರೆ ಗುಡ್ಡವಾಗಿ ಎದ್ದಿತು! ಹೊಸದಾಗಿ ಅರೆದೆ, ಹೊಸದಾಗಿ ತುಂಬಿದೆ. ಮತ್ತೆ ಗುಡ್ಡ. ವರ್ಷಗಟ್ಟಲೆ ಮಾಡಿದ್ದೆಲ್ಲ ತಪ್ಪೇನೋ ಎಂದು ಅಳು ಬಂತು. ಕೊನೆಗೆ ಅವರನ್ನೇ ಕೇಳಿದೆ: "ಸರ, ಖರೆ ಹೇಳ್ರಿ, ಗುಳಗಿ ತಗೊಂಡೀರೇನು?"

"ದೇವರಾಣಿ ಇಲ್ಲರಿ! ಮೊಣಕಾಲ ನೋವಿಗೆ ಬರೇ ಬೇರಿನ ಪುಡಿ. ಬೀಳಗಿ ಕಡೆ ಒಬ್ರು ಕೊಡತಾರ. ಒಂದ ತಾಸಿನ್ಯಾಗ ನೋವು ಮಾಯ!"

ಆ ಪುಡಿಯನ್ನೇ ತರಿಸಿ, ನೀರಿನಲ್ಲಿ ಕರಗಿಸಿ ಅದ್ದಿದೆ. ಅದೇ ಜಾಗದಲ್ಲಿ ಅದೇ ಗುಡ್ಡ. ನನ್ನ ಎಲೆಕ್ಟ್ರೋಡ್ ಸುಳ್ಳು ಹೇಳಿರಲಿಲ್ಲ! ಕುಣಿಯುವಷ್ಟು ಖುಷಿಯಾದರೂ ಮುಖ ಗಂಭೀರ ಮಾಡಿಕೊಂಡು ಹೇಳಿದೆ: "ಸರ, ನಿಮ್ಮ ಪುಡಿಯೊಳಗ ಪ್ಯಾರಾಸಿಟಮಾಲ್ ಐತ್ರಿ."

ಗುಳಿಗೆ ಅರೆದು ಬೆರೆಸಿ ಪುಡಿ ಕೊಟ್ಟವನನ್ನು ಬೈಯುತ್ತಾರೆಂದು ಕಾದೆ. ಅವರು ಗೆರೆಯನ್ನು ಬಗ್ಗಿ ನೋಡಿದರು. ಕನ್ನಡಕ ತೆಗೆದರು. ಎದೆ ಉಬ್ಬಿತು.

"ನೋಡಿದ್ರ್ಯಾ ಮೇಡಂ? ನಮ್ಮ ಬೇರಿನ್ಯಾಗ ಮೊದಲಿಂದನೂ ಇತ್ತು! ಆ ಇಂಗ್ಲಿಷರು ಇಲ್ಲಿಂದನ ಕದ್ದ ಒಯ್ದಾರ!"