ಬೇರು ತೊಳೆದ ನೀರು

ನೀರಿನ ವಿಷಯದಲ್ಲಿ ಎವಾಲ್ಡ್ ಬಿಟ್ಸರ್‌ಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ರಾಯ್ಟ್‌ಲಿಂಗೆನ್ ಊರಿನ ನಲ್ಲಿಗಳಲ್ಲಿ ಬರುವ ನೀರಿನ ಹುಳಿ, ಉಪ್ಪು, ಸುಣ್ಣವನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಲೇ ಅವನ ತಲೆ ನರೆತು, ನಿವೃತ್ತಿಯೂ ಆಗಿತ್ತು. ಅಂಥವನಿಗೆ ಬಾಲ್ಕನಿಯ ಮೂರು ಗಾಂಜಾ ಗಿಡ ಯಾವ ಲೆಕ್ಕ! ಮೂರು ಗಿಡಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ ಮರುವಸಂತದಲ್ಲೇ ಅವನು ಬೀಜ ಊರಿದ್ದ. ಸಂಜೆ ಒಂದು ಪೈಪು ಸೇದಿದರೆ ಮಂಡಿನೋವು ಮರೆತುಹೋಗುತ್ತದೆಂದು ಯಾರೋ ಹೇಳಿದ್ದರು.

ಅಕ್ಟೋಬರ್ ಬಂತು, ಹೂಗೊಂಚಲು ಬಲಿತವು. ಎವಾಲ್ಡ್ ಅಡುಗೆಮನೆಗೆ ಬಂದು ಪ್ರಕಟಣೆ ಹೊರಡಿಸಿದ.

"ರೋಸ್ವಿತಾ, ಕೊಯ್ಯೋಕೆ ಮುಂಚೆ ಬೇರು ತೊಳೀಬೇಕು. ಬೇಸಿಗೆಯೆಲ್ಲ ಹಾಕಿದ ಗೊಬ್ಬರದ ಉಪ್ಪು ಮಣ್ಣಲ್ಲೇ ಕೂತಿದೆ. ಹಾಗೇ ಕೊಯ್ದು ಸೇದಿದ್ರೆ ಗಂಟಲು ಸುಡುತ್ತೆ. ಶುದ್ಧವಾದ ನೀರನ್ನ ಹದವಾದ ಹುಳಿಗೆ ತಂದು, ಕುಂಡದ ತಳದಿಂದ ತಿಳಿ ನೀರು ಬರೋವರೆಗೂ ಸುರೀಬೇಕು."

"ಸುರಿ ಮಾರಾಯ," ಎಂದಳು ಹೆಂಡತಿ. "ಶನಿವಾರ ರೈಲಿದೆ, ಅದೊಂದು ನೆನಪಿರಲಿ."

ರೈಲು ಹತ್ತಿ, ಆಮೇಲೆ ಹಡಗಿನಲ್ಲಿ ಯೂಯಿಸ್ಟ್ ದ್ವೀಪಕ್ಕೆ ರಜೆಗೆ. ಸಮುದ್ರದ ಎದುರಿನ ಕೋಣೆಯನ್ನು ರೋಸ್ವಿತಾ ಕಳೆದ ಚಳಿಗಾಲದಲ್ಲೇ ಕಾದಿರಿಸಿದ್ದಳು. ಹೋದ ವರ್ಷದ ಪ್ರವಾಸವನ್ನು ಎವಾಲ್ಡನ ಮಂಡಿ ನುಂಗಿತ್ತು. ಅದರ ಹಿಂದಿನ ವರ್ಷದ್ದನ್ನು ಅವನೇ ಬಿಚ್ಚಿ ಜೋಡಿಸಲಾಗದೆ ಹೋದ ಬಾಯ್ಲರ್ ನುಂಗಿತ್ತು.

"ಶನಿವಾರದ ಹೊತ್ತಿಗೆ ಗಿಡ ಕೊಯ್ದು, ಒಣಹಾಕಿ, ಪೆಟ್ಟಿಗೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀನಿ. ನೀರು ನನಗೆ ಗೊತ್ತು!"

ಮೊದಲ ದಿನವೇ ನಲ್ಲಿನೀರು ಕೈಕೊಟ್ಟಿತು. ಸುಣ್ಣ ತುಂಬಿದ ಆ ನೀರಿಗೆ, ಕಾಫಿ ಯಂತ್ರ ತೊಳೆಯಲು ಹೆಂಡತಿ ಇಟ್ಟಿದ್ದ ನಿಂಬೆಹುಳಿಯ ಪುಡಿಯನ್ನು ಎಷ್ಟು ಹಾಕಿದರೂ ಸಾಲದು. ಬೆಳಿಗ್ಗೆ ಪಿಎಚ್ ಆರಕ್ಕೆ ಇಳಿಸಿದರೆ ಸಂಜೆ ಅದು ಮತ್ತೆ ಎಂಟರ ಹತ್ತಿರ ಹತ್ತಿ ಕೂತಿತ್ತು. ಹಾಗಾಗಿ ಮಳೆನೀರೇ ಗತಿ. ಮಳೆನೀರಿನ ಪೀಪಾಯಿ ಇದ್ದದ್ದು ಹಿತ್ತಲಿನಲ್ಲಿ, ಎಲ್ಲ ಬಾಡಿಗೆದಾರರಿಗೂ ಸೇರಿ ಒಂದು. ಬಿಟ್ಸರ್ ದಂಪತಿಗಳ ಮನೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ.

ಎವಾಲ್ಡ್ ಹೊತ್ತ. ಪ್ರತಿದಿನ ಊಟವಾದ ಮೇಲೆ ಎರಡೂ ಕೈಯಲ್ಲಿ ಕ್ಯಾನು ಹಿಡಿದು, ಮಹಡಿಗೊಮ್ಮೆ ಕಿಟಕಿಗೆ ಒರಗಿ ಉಸಿರು ಬಿಟ್ಟು, ಮತ್ತೆ ಹತ್ತಿದ. ನೀರಿಗೆ ಹುಳಿ ಕೂಡಿಸಿ, ಪಿಎಚ್ ಕಡ್ಡಿ ಅದ್ದಿ, ಕುಂಡಗಳಿಗೆ ಸುರಿದ. ತಳದಿಂದ ಕಾಫಿ ಬಣ್ಣದ ನೀರು ಕೆಳಗಿಟ್ಟ ತೊಟ್ಟಿಗೆ ಇಳಿಯುತ್ತಿತ್ತು. ಅದರಲ್ಲಿ ಉಪ್ಪು ಅಳೆಯುವ ಕಡ್ಡಿ ಮುಳುಗಿಸಿ ಕನ್ನಡಕ ಏರಿಸುತ್ತಿದ್ದ. ಮೊದಲೆರಡು ದಿನ ಅಂಕಿ ಚೆನ್ನಾಗಿ ಇಳಿಯಿತು. ಆಮೇಲೆ ಒಂದೇ ಕಡೆ ಗೂಟ ಹೊಡೆದುಕೊಂಡು ನಿಂತುಬಿಟ್ಟಿತು.

ಕಡ್ಡಿ ಕೆಟ್ಟಿದೆಯೆಂದು ಹೊಸದು ತಂದ. ಹೊಸ ಕಡ್ಡಿಯೂ ಅದನ್ನೇ ಹೇಳಿತು. ನೀರು ಸಾಲದೆಂದು ಮರುದಿನದಿಂದ ದುಪ್ಪಟ್ಟು ಹೊತ್ತ. ಮಂಡಿನೋವಿಗೆಂದು ಬೆಳೆಸಿದ ಗಿಡ ಈಗ ಅವನ ಮಂಡಿಯನ್ನೇ ತಿನ್ನತೊಡಗಿತು. ಸಂಜೆಯಾದರೆ ಕುರ್ಚಿಗೆ ಬಿದ್ದವನನ್ನು ಎಬ್ಬಿಸಲು ರೋಸ್ವಿತಾ ಬೇಕಾಗುತ್ತಿತ್ತು. ಅವಳೋ, ಈಚೆಗೆ ತಾನೂ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು.

ಆ ವಾರವೆಲ್ಲ ಮಳೆಯ ಹನಿಯಿಲ್ಲ. ಆದರೂ ಪೀಪಾಯಿಯ ಮಟ್ಟ ಇಳಿಯಲೇ ಇಲ್ಲ.

"ಇಬ್ಬನಿ ಕಣೇ," ಎಂದು ಎವಾಲ್ಡ್ ವಿವರಿಸಿದ. "ಶರತ್ಕಾಲದ ಇಬ್ಬನಿಯ ಶಕ್ತಿ ಏನು ಅಂತ ಜನಕ್ಕೆ ಗೊತ್ತಿಲ್ಲ."

"ಶನಿವಾರಕ್ಕೆ ಮುಗಿಯುತ್ತಾ ಇಲ್ವಾ? ಅದು ಹೇಳು."

"ಅಂಕಿ ಇಳೀದೆ ನಾನು ಈ ಮನೆಯಿಂದ ಇಳಿಯಲ್ಲ."

"ಹಾಗಾದ್ರೆ ನಾನೊಬ್ಬಳೇ ಹೋಗ್ತೀನಿ. ಸಮುದ್ರಕ್ಕೆ ನಿನ್ನ ಕಡ್ಡಿ ಬೇಕಾಗಿಲ್ಲ."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. ಎವಾಲ್ಡ್ ಹೆದರಿದ್ದೇ ಅದಕ್ಕೆ.

ಶುಕ್ರವಾರ ಮಧ್ಯಾಹ್ನ ಅವನು ಕ್ಯಾನು ಎತ್ತಿಕೊಂಡು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ, ನೆಲಮಹಡಿಯ ಶ್ರೀಮತಿ ಎಪ್ಲೆ ನೆಲ ಒರೆಸುವ ಕೋಲನ್ನು ಭರ್ಜಿಯಂತೆ ನೆಟ್ಟುಕೊಂಡು ನಿಂತಿದ್ದರು. ಮೆಟ್ಟಿಲು ತೊಳೆಯುವ ಸರದಿ ಆ ವಾರ ಅವರದು. ಸರದಿಯ ಫಲಕ ಅವರ ಬಾಗಿಲಲ್ಲೇ ತೂಗುತ್ತಿತ್ತು.

"ಬಿಟ್ಸರ್ ಅವ್ರೇ, ಮೇಲಿಂದ ಕೆಳಗೆ ನಾನು ಒರೆಸ್ತಾ ಬರ್ತೀನಿ, ಕೆಳಗಿಂದ ಮೇಲೆ ನೀವು ಸುರಿಸ್ತಾ ಹೋಗ್ತೀರಿ. ಏನಿದು, ಪಂದ್ಯ ಕಟ್ಟಿದೀರಾ?"

"ಕ್ಷಮಿಸಿ. ಇವತ್ತೇ ಕೊನೆ."

"ಬಯ್ಯೋಣ ಅಂದ್ರೆ ಬಾಯಿ ಬರಲ್ಲ ಬಿಡಿ, ನಿಮ್ಮ ಹೆಂಡ್ತಿ ಮುಖ ನೋಡಿ. ಪಾಪ, ದಿನಾ ಬೆಳಿಗ್ಗೆ ಆಕೆ ಅಷ್ಟು ನೀರು ಹೊತ್ಕೊಂಡು ಬಂದು ಪೀಪಾಯಿಗೆ ತುಂಬಿಸ್ತಾರೆ. ಆ ನೀರು ಹಾಕಿದ ಮೇಲೆ ನೋಡಿ, ಈ ಚಳೀಲಿ ನನ್ನ ಜೆರೇನಿಯಂ ಗಿಡ ಹೀಗೆ ಹೂ ಬಿಟ್ಟಿದ್ದೇ ಇಲ್ಲ!"

ಎವಾಲ್ಡ್ ಕ್ಯಾನನ್ನು ಕೆಳಗಿಟ್ಟ. "ಯಾವ ನೀರು?"

"ಕಾಫಿ ಬಣ್ಣದ್ದು."

ಮಂಡಿಯನ್ನೂ ಮರೆತು ನಾಲ್ಕು ಮಹಡಿ ಹತ್ತಿದ. ರೋಸ್ವಿತಾ ಹಾಸಿಗೆಯ ಮೇಲೆ ಪೆಟ್ಟಿಗೆ ತೆರೆದಿಟ್ಟು ಸ್ವೆಟರ್ ಮಡಿಸುತ್ತಿದ್ದಳು.

"ತೊಟ್ಟಿ ನೀರನ್ನ ಟಾಯ್ಲೆಟ್‌ಗೆ ಸುರೀತಾ ಇದ್ದೀಯ ಅಂದ್ಕೊಂಡಿದ್ದೆ!"

"ಅಷ್ಟು ಗೊಬ್ಬರ ಇರೋ ನೀರನ್ನ ಟಾಯ್ಲೆಟ್‌ಗೆ ಸುರಿಯೋಕೆ ನನಗೇನು ತಲೆ ಕೆಟ್ಟಿದೆಯಾ? ನಮ್ಮಮ್ಮ ಅಕ್ಕಿ ತೊಳೆದ ನೀರೂ ಚೆಲ್ತಿರಲಿಲ್ಲ. ನೀನು ಗೊರಕೆ ಹೊಡೀತಿರುವಾಗ, ಎಲ್ಲರ ಗಿಡಕ್ಕೂ ಆಗಲಿ ಅಂತ ನಾನು ನಾಲ್ಕು ಮಹಡಿ ಇಳಿಸಿದೀನಿ. ಸೊಂಟ ಬಿದ್ದುಹೋಯ್ತು."

"ನಾಲ್ಕು ಮಹಡಿ ನೀನು ಇಳಿಸಿದ್ದನ್ನೇ ನಾನು ನಾಲ್ಕು ಮಹಡಿ ಹತ್ತಿಸಿದೀನಿ!"

ಇಬ್ಬರೂ ಹಾಸಿಗೆಯ ಎರಡು ತುದಿಗಳಲ್ಲಿ ಕುಸಿದು ಕೂತರು. ರೋಸ್ವಿತಾ ಸ್ವೆಟರನ್ನು ಪಕ್ಕಕ್ಕೆ ತಳ್ಳಿದಳು.

"ಅಲ್ಲ, ಕುಂಡಕ್ಕೆ ಹಾಕೋಕೆ ಮುಂಚೆ ಆ ನೀರನ್ನ ಅಳೀತಿರಲಿಲ್ವಾ ನೀನು?"

"ಅಳೀತಿದ್ದೆ. ಹುಳಿ ಅಳೀತಿದ್ದೆ."

"ಉಪ್ಪು?"

"ಮೊದಲ ದಿನ ಅಳೆದೆ. ಆಮೇಲೆ ಬಣ್ಣ ಕಂಡ್ರೂ, ಉದುರಿದ ಎಲೆ ಕೊಳೆತದ್ದು ಅಂದ್ಕೊಂಡೆ... ಮಳೆನೀರು ಕಣೇ! ಮಳೆನೀರನ್ನ ದಿನಾ ಅಳೆಯೋದು ಅಂದ್ರೆ ಆಕಾಶದ ಮೇಲೆ ಅನುಮಾನ ಪಟ್ಟ ಹಾಗೆ."

"ಇಷ್ಟು ವರ್ಷ ಊರಿಗೆಲ್ಲ ಕುಡಿಸಿದ್ದೂ ಇದೇ ನಂಬಿಕೆ ಮೇಲೇನಾ?"

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಎವಾಲ್ಡ್ ಕಲಿಸುತ್ತಿದ್ದ ಮೊದಲ ಪಾಠವೇ, ಹೋಗುವ ನೀರಿಗಿಂತ ಮುಂಚೆ ಬರುವ ನೀರನ್ನು ಅಳೆಯಿರಿ ಎನ್ನುವುದು. ಮಂಡಿ ನೀವಿಕೊಂಡ. ಆದರೂ ಒಳಗಿನ ವಿಜ್ಞಾನಿ ಸತ್ತಿರಲಿಲ್ಲ.

"ತಪ್ಪು ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಅದೇ ಮುಖ್ಯ. ಪೀಪಾಯಿ ಖಾಲಿ ಮಾಡಿ ಉಜ್ಜೋಣ. ಸೋಮವಾರ ಮಳೆ ಅಂತೆ. ಬುಧವಾರದ ಹೊತ್ತಿಗೆ ಅಂಕಿ..."

ರೋಸ್ವಿತಾ ಎದ್ದು ಅಡುಗೆಮನೆಗೆ ಹೋದಳು. ಕೋಳಿ ಕತ್ತರಿಸುವ ಕತ್ತರಿ ಹಿಡಿದು ಬಾಲ್ಕನಿಗೆ ನಡೆದಳು. ಕಚಕ್. ಕಚಕ್. ಕಚಕ್. ಹುಳಿ, ಉಪ್ಪು, ಸುಣ್ಣ ಯಾವುದನ್ನೂ ಕೇಳದೆ ಮೂರು ಗಿಡಗಳೂ ಅವಳ ತೋಳಿಗೆ ಬಂದವು.

"ರೋಸ್ವಿತಾ! ಗಂಟಲು ಸುಡುತ್ತೆ!"

"ಸುಡಲಿ. ಆಗಲಾದ್ರೂ ಮಾತು ಕಡಿಮೆ ಮಾಡ್ತೀಯ."

ಉಗ್ರಾಣದ ಕತ್ತಲೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಗಿಡಗಳನ್ನು ತಲೆಕೆಳಗಾಗಿ ತೂಗುಬಿಟ್ಟು ಬಾಗಿಲೆಳೆದಳು. ಎವಾಲ್ಡ್ ಬಾಗಿಲ ಹೊರಗೆ, ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತ ನೆಂಟನಂತೆ ನಿಂತಿದ್ದ.

"ಸರಿ, ಕೊಯ್ದದ್ದಾಯ್ತು. ಆದ್ರೆ ಒಣಗೋದು ಅಂದ್ರೆ ಹುಡುಗಾಟ ಅಲ್ಲ. ಎರಡು ವಾರ ಗಾಳಿ, ತೇವ ಎಲ್ಲ ಹದವಾಗಿರ್ಬೇಕು. ನಾವಿಬ್ರೂ ಹೊರಟುಬಿಟ್ರೆ ಇದನ್ನ ಯಾರು ನೋಡ್ಕೊಳ್ತಾರೆ?"

"ಒಣಗೋಕೆ ಯಾರೂ ಏನೂ ಮಾಡ್ಬಾರದು ಎವಾಲ್ಡ್, ಸುಮ್ನೆ ಬಿಡ್ಬೇಕು," ಎಂದಳು ರೋಸ್ವಿತಾ. "ನೀನು ಮನೇಲಿದ್ರೆ ಅದು ಆಗೋ ಮಾತಲ್ಲ. ನಡಿ, ಪೆಟ್ಟಿಗೆ ತುಂಬು."